ಪೂರ್ತಿ ಸೈಜಿನ ಫೋಮ್ ಜಿಂಕೆ ಟಾರ್ಗೆಟ್: ತಗೊಳ್ಳಿ, ಆದ್ರೆ ಅದರ ಮೈಮೇಲಿನ ರಿಂಗ್ ನಂಬಬೇಡಿ

ಬಿಲ್ಲಲ್ಲಿ ಜಿಂಕೆ ಬೇಟೆಗೆ ಹೋಗೋರು ಪ್ರಾಕ್ಟೀಸಿಗೆ ಅಂತ ಇಟ್ಕೊಳ್ಳೋ ಪೂರ್ತಿ ಸೈಜಿನ ಫೋಮ್ ಜಿಂಕೆ ಇದ್ಯಲ್ಲ, 3ಡಿ ಟಾರ್ಗೆಟ್ ಅಂತಾರೆ, ಇದು ಅದರ ರಿವ್ಯೂ. ಕಂಪನಿ ಹೆಸರು ಹಾಕ್ತಾ ಇಲ್ಲ, ಯಾಕಂದ್ರೆ ನಾನು ಹೇಳೋ ತೊಂದರೆ ಒಂದು ಕಂಪನಿದಲ್ಲ, ಈ ತರದ ಟಾರ್ಗೆಟ್ ಹೆಚ್ಚುಕಮ್ಮಿ ಎಲ್ಲದರಲ್ಲೂ ಇರೋದೇ. ಲೈಸೆನ್ಸ್ ತಗೊಂಡು, ಸೀಸನ್ ನೋಡ್ಕೊಂಡು, ಕಾನೂನು ಬಿಟ್ಟಿರೋ ಜಾಗದಲ್ಲಿ ಬೇಟೆ ಮಾಡೋರಿಗೆ ಮಾತ್ರ ಇದು, ಕದ್ದು ಹೊಡೆಯೋರು ಇಲ್ಲಿಂದಲೇ ವಾಪಸ್ ಹೋಗಬಹುದು.

ಮೊದಲು ಒಳ್ಳೇದು ಹೇಳ್ತೀನಿ. ಫೋಮ್ ಗಟ್ಟಿ ಇದೆ, ಬಾಣ ಕಿತ್ತ ಮೇಲೆ ತೂತು ತಾನಾಗೇ ಮುಚ್ಕೊಳುತ್ತೆ, ಎದೆ ಭಾಗದ ಕೋರ್ ಬೇರೆ ಪೀಸು, ಹಾಳಾದ್ರೆ ಅದೊಂದನ್ನೇ ಬದಲಾಯಿಸಬಹುದು, ಇಡೀ ಜಿಂಕೆ ಎಸೀಬೇಕಾಗಿಲ್ಲ. ಕಾಲು ನೆಲಕ್ಕೆ ಊರೋಕೆ ಕಬ್ಬಿಣದ ರಾಡ್ ಕೊಡ್ತಾರೆ, ಜೋರು ಗಾಳಿಗೂ ಬೀಳಲ್ಲ. ಬಾಣ ಕೀಳೋದು ಮಾತ್ರ ಕೈ ನೋವಿನ ಕೆಲಸ, ವೇಗದ ಬಾಣ ಹೋದಾಗ ಉಜ್ಜಿದ ಬಿಸಿಗೆ ಫೋಮ್ ಸ್ವಲ್ಪ ಕರಗಿ ಶಾಫ್ಟಿಗೆ (ಬಾಣದ ಕಡ್ಡಿಗೆ) ಅಂಟ್ಕೊಳುತ್ತೆ, ಹೊಡೆಯೋಕೆ ಮುಂಚೆ ಬಾಣಕ್ಕೆ ಸ್ವಲ್ಪ ಸೋಪೋ ಲ್ಯೂಬೋ ಸವರಿದ್ರೆ ಎಷ್ಟೋ ವಾಸಿ. ಬಿಸಿಲಲ್ಲೇ ಬಿಟ್ರೆ ಮೇಲಿನ ಪದರ ಒಣಗಿ ಪುಡಿ ಉದುರೋಕೆ ಶುರು ಆಗುತ್ತೆ, ನೆರಳಲ್ಲಿ ಇಡಿ ಇಲ್ಲಾಂದ್ರೆ ಟಾರ್ಪಾಲ್ ಹೊದಿಸಿ. ಬ್ರಾಡ್‌ಹೆಡ್ (ಬೇಟೆಗೆ ಹಾಕೋ ಬ್ಲೇಡಿರೋ ಮೊನೆ) ಹಾಕಿ ಹೊಡೆದ್ರೆ ಫೋಮ್ ಚೂರುಚೂರಾಗಿ ಕಿತ್ಕೊಂಡು ಬರುತ್ತೆ, ದಿನಾ ಪ್ರಾಕ್ಟೀಸಿಗೆ ಬ್ಲೇಡಿಲ್ಲದ ಮೊನೆ, ಅಂದ್ರೆ ಫೀಲ್ಡ್ ಪಾಯಿಂಟೇ ಸಾಕು, ಸೀಸನ್ ಹತ್ರ ಬಂದಾಗ ಬ್ರಾಡ್‌ಹೆಡ್ ಅದೇ ಜಾಗಕ್ಕೆ ಬೀಳುತ್ತಾ ಅಂತ ಬೇರೆ ಹಳೇ ಟಾರ್ಗೆಟ್ ಮೇಲೆ ಚೆಕ್ ಮಾಡ್ಕೊಳ್ಳಿ. ಬಂದೂಕಿಗೆ ಇದು ಅಲ್ಲವೇ ಅಲ್ಲ, ಗುಂಡು ನಿಲ್ಲಲ್ಲ.

ಈಗ ನಿಜವಾದ ವಿಷಯ. ಜಿಂಕೆ ಮೈಮೇಲೆ ಒಂದರೊಳಗೊಂದು ರಿಂಗ್ ಅಚ್ಚು ಹಾಕಿರ್ತಾರೆ, 10, 8, 5 ಅಂತ ಪಾಯಿಂಟು, ಒಳಗೆ ಇನ್ನೂ ಚಿಕ್ಕ ರಿಂಗಿಗೆ 11ಓ 12ಓ, ಅದು ಯಾವ ಸಂಸ್ಥೆ ಕಾಂಪಿಟಿಷನ್ನು ಅನ್ನೋದರ ಮೇಲೆ. ಕಾಂಪಿಟಿಷನ್ನಿಗೆ ಇದು ಸರಿ, ಅಲ್ಲಿ ಯಾವ ಪ್ರಾಣಿನೂ ಸಾಯಲ್ಲ. ಬೇಟೆ ಕಲಿಯೋನಿಗೆ ಮಾತ್ರ ಈ ರಿಂಗು ಅರ್ಧ ಸುಳ್ಳು ಹೇಳುತ್ತೆ, ಅದೂ ಅತಿ ಮುಖ್ಯವಾದ ಅರ್ಧವನ್ನೇ. ರಿಂಗ್ ಇರೋದು ಚರ್ಮದ ಮೇಲೆ, ಹೃದಯ ಶ್ವಾಸಕೋಶ ಇರೋದು ಎದೆಗೂಡಿನ ನಡುವೆ, ಜಿಂಕೆ ಸ್ವಲ್ಪ ತಿರುಗಿ ನಿಂತ ತಕ್ಷಣ ಈ ಎರಡಕ್ಕೂ ಸಂಬಂಧ ತಪ್ಪಿಹೋಗುತ್ತೆ.

ಜಿಂಕೆ ಪೂರ್ತಿ ಅಡ್ಡ ನಿಂತಿದೆ ಅಂದ್ಕೊಳ್ಳಿ. ಹೃದಯ ಎದೆಯ ತೀರಾ ಕೆಳಗಡೆ, ಮುಂಗಾಲಿನ ಮೊಣಕೈ ಇದ್ಯಲ್ಲ ಅದಕ್ಕಿಂತ ಸ್ವಲ್ಪ ಮೇಲೆ, ಎರಡು ಮುಂಗಾಲಿನ ನಡುವೆ ಇರುತ್ತೆ. ಶ್ವಾಸಕೋಶ ಅದರ ಮೇಲೂ ಹಿಂದೂ ಹರಡಿರುತ್ತೆ, ಹಿಂದೆ ವಪೆ (ಎದೆ ಹೊಟ್ಟೆ ಬೇರೆ ಮಾಡೋ ಪರದೆ) ಇಳಿಜಾರಾಗಿ ಅಡ್ಡ ಬರುತ್ತೆ, ಅದರಾಚೆ ಲಿವರ್, ಆಮೇಲೆ ದೊಡ್ಡ ಹೊಟ್ಟೆ. ಮುಂಗಾಲಿನ ಹಿಂಬದಿ ಗೆರೆ ಹಿಡ್ಕೊಂಡು ಮೇಲಕ್ಕೆ ಹೋಗಿ, ಎದೆ ಆಳದಲ್ಲಿ ಕೆಳಗಿನಿಂದ ಮೂರನೇ ಒಂದು ಭಾಗದ ಹತ್ರ ನಿಂತ್ರೆ ಅದೇ ಜಾಗ, ಸ್ವಲ್ಪ ಕೆಳಗಾದ್ರೆ ಹೃದಯ, ಸ್ವಲ್ಪ ಮೇಲಾದ್ರೆ ಎರಡೂ ಶ್ವಾಸಕೋಶ. ವೈಟ್‌ಟೇಲ್ (ಅಮೆರಿಕದ ಬಿಳಿಬಾಲದ ಜಿಂಕೆ) ಸೈಜಿನ ಜಿಂಕೆಲಿ ಈ ಪ್ರಾಣದ ಜಾಗ 8ರಿಂದ 10 ಇಂಚು ಅಗಲ, ಒಂದು ಊಟದ ತಟ್ಟೆಯಷ್ಟು. ಅಡ್ಡ ನಿಂತಾಗ ಈ ಟಾರ್ಗೆಟ್ಟಿನ 10ರ ರಿಂಗ್ ಸುಮಾರಾಗಿ ಸರಿ ಜಾಗದಲ್ಲೇ ಇದೆ, ನನ್ನ ಕಣ್ಣಿಗೆ ಒಂದೆರಡು ಇಂಚು ಹಿಂದೆ ಇದ್ದಂಗೆ ಕಾಣುತ್ತೆ, ಇರ್ಲಿ ಬಿಡಿ.

ಈಗ ಅದನ್ನ ಓರೆ ತಿರುಗಿಸಿ, ಮುಖ ನಮ್ಮಿಂದ ಆಚೆ, ಹಿಂಭಾಗ ಸ್ವಲ್ಪ ನಮ್ಮ ಕಡೆ. ಬಿಲ್ಲಿನೋರಿಗೆ ಇದಕ್ಕಿಂತ ಒಳ್ಳೆ ನಿಲುವು ಇನ್ನೊಂದಿಲ್ಲ. ಆದ್ರೆ ಇಲ್ಲಿ 10ರ ರಿಂಗ್ ನಡುವಿಗೆ ಹೊಡೆದ್ರೆ ಬಾಣ ಮುಂದಕ್ಕೆ ಓರೆಯಾಗಿ ಹೋಗಿ ಹತ್ತಿರದ ಶ್ವಾಸಕೋಶದ ಮುಂತುದಿ ಮಾತ್ರ ಸವರಿಕೊಂಡು ಎದೆ ಮುಂದಿನ ಮಾಂಸದಲ್ಲಿ ಹೊರಬೀಳೋ ಚಾನ್ಸ್ ಇದೆ. ಸರಿಯಾಗಿ ಹೊಡೀಬೇಕಂದ್ರೆ ಇನ್ನೂ ಹಿಂದಿನ ಪಕ್ಕೆಲುಬಲ್ಲಿ ನುಗ್ಗಿಸಿ, ಬಾಣ ಆ ಕಡೆ ಮುಂಗಾಲಿನ ಹತ್ರ ಹೊರಬರೋ ತರ ನೋಡ್ಕೋಬೇಕು, ಆಗ ಎರಡೂ ಶ್ವಾಸಕೋಶ ದಾರೀಲಿ ಸಿಗುತ್ತೆ. ಆ ಒಳ್ಳೇ ಹೊಡೆತಕ್ಕೆ ಈ ಟಾರ್ಗೆಟ್ ಕೊಡೋ ಮಾರ್ಕು ಎಷ್ಟು ಗೊತ್ತಾ, 8, ಕೆಲವು ಸಲ 5! ಇನ್ನು ಮುಖ ನಮ್ಮ ಕಡೆ ಓರೆ ಮಾಡಿ ನಿಲ್ಲಿಸಿ ನೋಡಿ, ಅದೇ 10ರ ರಿಂಗಿಗೆ ಹೊಡೆದ್ರೆ ಬಾಣ ಹಿಂದಕ್ಕೆ ಹೋಗುತ್ತೆ, ಒಂದು ಶ್ವಾಸಕೋಶದ ಅಂಚು, ಲಿವರ್, ಆಮೇಲೆ ಹೊಟ್ಟೆ. ಪ್ರಾಣಿ ಗಂಟೆಗಟ್ಟಲೆ ನರಳುತ್ತೆ, ಸಿಗದೇ ಹೋದ್ರೂ ಹೋಯ್ತು, ಟಾರ್ಗೆಟ್ ಮಾತ್ರ ನಿಮಗೆ 10 ಕೊಟ್ಟು ಭೇಷ್ ಅನ್ನುತ್ತೆ. ಬಿಲ್ಲಿದ್ರೆ ಆ ನಿಲುವಲ್ಲಿ ಹೊಡೆಯಲೇಬಾರದು, ಭುಜದ ಮೂಳೆ ಬೇರೆ ಅಡ್ಡ ಇರುತ್ತೆ, ಅದು ತಿರುಗೋವರೆಗೂ ಕಾಯ್ಬೇಕು, ತಿರುಗದಿದ್ರೆ ಬಿಟ್ಬಿಡಬೇಕು. ತಕ್ಕ ರೈಫಲ್ ಇರೋರಿಗೆ ಭುಜದ ಮುಂತುದಿಲಿ ಹೊಡೆದು ಮೂಳೆ ದಾಟಿಸೋ ದಾರಿ ಇದೆ, ಮಾಂಸ ಹಾಳಾಗುತ್ತೆ ಅಷ್ಟೇ, ಬಾಣಕ್ಕೆ ಅದನ್ನ ಹೋಲಿಸೋಕೆ ಹೋಗ್ಬೇಡಿ.

ಹಾಗಾಗಿ ನಾನು ಇದನ್ನ ಬಳಸೋ ರೀತೀನೇ ಬದಲಾಯಿಸಿದೀನಿ. ರಿಂಗ್ ಮೇಲೆ ಕಂದು ಬಣ್ಣ ಬಳಿದು ಮುಚ್ಚಿದೆ. ಪ್ರತಿ ಸಲ ಜಿಂಕೆನ ಬೇರೆ ಬೇರೆ ಕೋನಕ್ಕೆ ತಿರುಗಿಸಿ ನಿಲ್ಲಿಸ್ತೀನಿ, ಹೊಡೆದ ಮೇಲೆ ಬಾಣ ಕೀಳೋಕೆ ಮುಂಚೆ ಹಿಂದೆ ನಿಂತು ಶಾಫ್ಟ್ ಯಾವ ದಿಕ್ಕಿಗೆ ನೆಟ್ಟಿದೆ ನೋಡ್ತೀನಿ, ಆ ಗೆರೆನ ಹಂಗೇ ಮುಂದುವರಿಸಿದ್ರೆ ಆಚೆ ಕಡೆ ಎಲ್ಲಿ ಹೊರಗೆ ಬರ್ತಿತ್ತು ಅಂತ ಲೆಕ್ಕ ಹಾಕಿ ಅಲ್ಲಿ ಸೀಮೆಸುಣ್ಣದಲ್ಲಿ ಒಂದು ಗುರುತು. ನುಗ್ಗಿದ ಜಾಗಕ್ಕೆ ಮಾರ್ಕಿಲ್ಲ, ಹೊರಬರೋ ಜಾಗಕ್ಕೆ ಮಾತ್ರ ಮಾರ್ಕು. ಸ್ವಲ್ಪ ದಿನಕ್ಕೇ ಕಣ್ಣು ಜಿಂಕೆಯ ಹತ್ತಿರದ ಭುಜ ಬಿಟ್ಟು ದೂರದ ಮುಂಗಾಲನ್ನ ಹುಡುಕೋಕೆ ಶುರು ಮಾಡುತ್ತೆ. ಇಷ್ಟು ಪ್ರಯೋಜನ ಬೇರೆ ಚೌಕದ ಬ್ಯಾಗ್ ಟಾರ್ಗೆಟ್ಟಲ್ಲಿ ಸಿಗಲ್ಲ, ಅದಕ್ಕೇ ಇದನ್ನ ತಗೊಳ್ಳಿ ಅಂತ ಹೇಳ್ತಿರೋದು.

ಮರದ ಮೇಲೆ ಸ್ಟ್ಯಾಂಡ್ ಕಟ್ಟಿ ಕೂರೋರು ಇದನ್ನ ನೆಲದಲ್ಲಿ ಇಟ್ಟು ಎತ್ತರದಿಂದಲೇ ಹೊಡೆದು ನೋಡಬೇಕು. ಮೇಲಿಂದ ಬಂದ ಬಾಣ ಇಳಿಜಾರಾಗಿ ಹೋಗೋದ್ರಿಂದ ನೆಲದಲ್ಲಿ ನಿಂತು ಹಿಡಿಯೋ ಗುರಿಗಿಂತ ಸ್ವಲ್ಪ ಮೇಲೆ ನುಗ್ಗಿಸಬೇಕು, ತೀರಾ ಹತ್ರ, ತೀರಾ ಕಡಿದಾದ ಕೋನದಲ್ಲಿ ಒಂದೇ ಶ್ವಾಸಕೋಶ ಸಿಗೋ ಅಪಾಯ ಜಾಸ್ತಿ, ಒಂದು ಶ್ವಾಸಕೋಶಕ್ಕೆ ಮಾತ್ರ ಏಟು ತಿಂದ ಜಿಂಕೆ ತುಂಬಾ ದೂರ ಓಡುತ್ತೆ. ಇನ್ನೊಂದು, ಫೋಮಲ್ಲಿ ಬೆನ್ನಿನ ಗೆರೆ ನೋಡಿ ಬೆನ್ನುಮೂಳೆ ಅಲ್ಲೇ ಇದೆ ಅಂದ್ಕೋತಾರೆ, ಹಾಗಿಲ್ಲ, ಭುಜದ ಹತ್ರ ಬೆನ್ನುಮೂಳೆ ಇನ್ನೂ ಕೆಳಗೆ ಇರುತ್ತೆ, ಅದರ ಮೇಲಿರೋದು ಅದರಿಂದಲೇ ಮೇಲಕ್ಕೆ ಚಾಚಿರೋ ಮುಳ್ಳುಮೂಳೆ ಮತ್ತು ಮಾಂಸ. ಶ್ವಾಸಕೋಶದ ಮೇಲೆ, ಬೆನ್ನುಮೂಳೆ ಕೆಳಗೆ ಖಾಲಿ ಜಾಗ ಇದೆ, ಅಲ್ಲಿ ಬಾಣ ಹೋದ್ರೆ ಜಿಂಕೆಗೆ ಏನೂ ಆಗಲ್ಲ ಅಂತ ಹಳೇ ಕತೆ ಒಂದಿದೆ, ಅಂಥ ಖಾಲಿ ಜಾಗ ಇಲ್ಲ, ಆ ಬಾಣ ನಿಜವಾಗಿ ಬೆನ್ನುಮೂಳೆಯ ಮೇಲೆ ಹೋಗಿರುತ್ತೆ.

ಫೋಮ್ ಜಿಂಕೆ ಕಲಿಸಲಾರದ ಇನ್ನೊಂದು ವಿಷಯ ಅದು ಅಲ್ಲಾಡಲ್ಲ ಅನ್ನೋದು. ಬಾಣದ ವೇಗ ಸೆಕೆಂಡಿಗೆ ಸುಮಾರು 85 ಮೀಟರ್ ಅಂದ್ಕೊಳ್ಳಿ, ಶಬ್ದದ್ದು 340ರ ಮೇಲೆ. 27 ಮೀಟರ್ ದೂರಕ್ಕೆ ಬಿಲ್ಲಿನ ಸದ್ದು 0.08 ಸೆಕೆಂಡಲ್ಲಿ ಮುಟ್ಟುತ್ತೆ, ಬಾಣಕ್ಕೆ 0.32 ಸೆಕೆಂಡ್ ಬೇಕು. ಮಧ್ಯದಲ್ಲಿರೋ ಆ ಕಾಲು ಸೆಕೆಂಡ್ ಹತ್ರ ಸಮಯದಲ್ಲಿ ಬೆದರಿದ ಜಿಂಕೆ ಓಡೋಕೆ ಅಂತ ಕಾಲು ಮಡಿಸಿ ಕುಸಿಯುತ್ತೆ, ಬಾಣ ಎದೆ ಬಿಟ್ಟು ಬೆನ್ನಿನ ಮೇಲ್ಭಾಗಕ್ಕೆ ಬೀಳುತ್ತೆ. ಟಾರ್ಗೆಟ್ ಮೇಲೆ 50 ಮೀಟರಿಂದ ಗುಂಪಾಗಿ ಬೀಳ್ತಾ ಇದೆ ಅಂತ ಕಾಡಲ್ಲೂ 50 ಮೀಟರಿಗೆ ಬಿಲ್ಲೆತ್ತೋರು ಇದನ್ನ ಎರಡು ಸಲ ಓದಿ. ನನ್ನ ಲೆಕ್ಕ ಇಷ್ಟೇ, ದಿನದ ಮೊದಲನೇ ಬಾಣ, ಕೈ ಕಾಲು ಬಿಸಿಯಾಗೋಕೆ ಮುಂಚೆ, ಜಾಕೆಟ್ ಹಾಕ್ಕೊಂಡು, ಒಂದು ಮೊಣಕಾಲೂರಿ ಹೊಡೆದಾಗ ಪ್ರಾಣದ ಜಾಗಕ್ಕೆ ತಪ್ಪದೇ ಬೀಳೋ ದೂರ ಎಷ್ಟೋ ಅಷ್ಟೇ ನಿಮ್ಮ ದೂರ, ಅದರಲ್ಲೂ ಸ್ವಲ್ಪ ಕಡಿಮೆ ಇಟ್ಕೊಳ್ಳಿ. ಬಿಸಿಯಾದ ಮೇಲಿನ ಹತ್ತನೇ ಬಾಣದ ಫೋಟೋ ಯಾರಿಗೆ ಬೇಕು ಮಾರಾಯ್ರೆ.

ತಲೆಗೆ, ಕುತ್ತಿಗೆಗೆ ಪ್ರಾಕ್ಟೀಸ್ ಮಾಡ್ತಾರೆ ಕೆಲವರು, ತಲೆ ಭಾಗದ ಫೋಮ್ ಚಿಂದಿಯಾಗಿರೋ ಟಾರ್ಗೆಟ್ ಸೆಕೆಂಡ್ ಹ್ಯಾಂಡಿಗೆ ಬಂದಿದ್ದು ನೋಡಿದೀನಿ. ಮಿದುಳು ತೀರಾ ಚಿಕ್ಕದು, ತಲೆ ಸದಾ ಅಲ್ಲಾಡ್ತಾನೇ ಇರುತ್ತೆ, ಎರಡು ಇಂಚು ತಪ್ಪಿದ್ರೆ ದವಡೆ ಮುರಿಯುತ್ತೆ, ಆ ಜಿಂಕೆ ತಿನ್ನೋಕಾಗದೇ ಹಸಿವಲ್ಲಿ ಸಾಯುತ್ತೆ. ನೇರ ಹಿಂದಿನಿಂದ ಹೊಡೆಯೋದೂ ಅಷ್ಟೇ ಕೆಟ್ಟದ್ದು, ಆ ಎರಡೂ ಕಡೆ ಇದರಲ್ಲಿ ಅಭ್ಯಾಸ ಮಾಡಬೇಡಿ, ಅಭ್ಯಾಸ ಆದದ್ದನ್ನೇ ಕೈ ಮಾಡೋದು.

ಹೊಡೆದಾದ ಮೇಲಿನ ಕೆಲಸ ಯಾವ ಟಾರ್ಗೆಟ್ಟೂ ಹೇಳ್ಕೊಡಲ್ಲ, ಬಾಣದ ಮೇಲೆ ನೊರೆ ನೊರೆ ತಿಳಿಗೆಂಪು ರಕ್ತ ಇದ್ರೆ ಶ್ವಾಸಕೋಶ, ಅರ್ಧ ಗಂಟೆ ಸುಮ್ಮನಿದ್ದು ಹೋಗಿ, ಕಪ್ಪು ಛಾಯೆ ಕೆಂಪು ಇದ್ರೆ ಲಿವರ್, 3-4 ಗಂಟೆ ಕಾಯಿರಿ, ಹಸಿರು ಕಂದು ಬಣ್ಣ, ಕೆಟ್ಟ ವಾಸನೆ ಇದ್ರೆ ಹೊಟ್ಟೆ, 8ರಿಂದ 12 ಗಂಟೆ ಅದರ ಹಿಂದೆ ಹೋಗಲೇಬೇಡಿ, ಅಟ್ಟಿಸ್ಕೊಂಡು ಹೋದಷ್ಟೂ ದೂರ ಹೋಗಿ ಪೊದೆ ಸೇರುತ್ತೆ.

ಸೈಜ್ ಬಗ್ಗೆ ಒಂದು ಮಾತು. ಈ ಟಾರ್ಗೆಟ್ ಮಧ್ಯಮ ಗಾತ್ರದ ವೈಟ್‌ಟೇಲ್ ಲೆಕ್ಕದ್ದು. ರೋ ಜಿಂಕೆ 20-30 ಕೆಜಿಯ ಪ್ರಾಣಿ, ರೆಡ್ ಡೀರ್ ಗಂಡು 150 ಕೆಜಿ ದಾಟುತ್ತೆ, ನೀವು ಯಾವುದರ ಬೇಟೆಗೆ ಹೋಗ್ತೀರೋ ಆ ಅಳತೆದು ನೋಡಿ ತಗೊಳ್ಳಿ, ದೊಡ್ಡ ಫೋಮಿಗೆ ಪಳಗಿದ ಕಣ್ಣು ಚಿಕ್ಕ ಜಿಂಕೆನ ದೂರದಲ್ಲಿದೆ ಅಂತ ತಪ್ಪಾಗಿ ಅಳೆಯುತ್ತೆ. ಕ್ರಾಸ್‌ಬೋ (ಬಂದೂಕಿನ ತರ ಹಿಡಿದು ಟ್ರಿಗರ್ ಒತ್ತಿ ಬಿಡೋ ಬಿಲ್ಲು) ಇರೋರು ಬಾಕ್ಸ್ ಮೇಲೆ ಎಷ್ಟು ವೇಗದವರೆಗೆ ತಡೆಯುತ್ತೆ ಅಂತ ಬರೆದಿರೋದನ್ನ ಓದದೇ ತಗೊಂಡ್ರೆ ಬಾಣ ಆಚೆ ಕಡೆ ಹುಲ್ಲಲ್ಲಿ ಹುಡುಕಬೇಕಾಗುತ್ತೆ.

5ಕ್ಕೆ 3.5 ಕೊಡ್ತೀನಿ. ಒಂದೂವರೆ ಕಡಿಮೆ ಮಾಡಿದ್ದು ಪೂರ್ತಿ ಆ ರಿಂಗಿಗೇ. ಕಂಪನಿಯೋರು ಒಂದು ಕೋರ್ ರಿಂಗ್ ಇಲ್ಲದೇ ಮಾಡಿ ಕೊಟ್ರೆ ಇನ್ನೊಂದು ತಗೊಳ್ಳೋಕೆ ರೆಡಿ ಇದೀನಿ, ಅಲ್ಲೀವರೆಗೂ ಮಳೆಗೆ ಬಣ್ಣ ಎದ್ದಾಗೆಲ್ಲ ಮತ್ತೆ ಬಳೀತಾ ಇರಬೇಕು, ಫೋಮ್ ಮೇಲೆ ಸ್ಪ್ರೇ ಪೇಂಟ್ ಹೊಡೀಬೇಡಿ ಅಂತ ಮಾತ್ರ ಹೇಳ್ತೀನಿ, ಕೆಲವು ಸ್ಪ್ರೇ ಫೋಮನ್ನೇ ತಿಂದುಹಾಕುತ್ತೆ, ನೀರಲ್ಲಿ ಕಲಸೋ ಬಣ್ಣ ಬ್ರಷ್ಷಲ್ಲಿ ಬಳೀರಿ.