ಹಗುರ ಬಾಟಲಿಯ ಸಾವಯವ ಕೆಂಪು ವೈನ್: ಗಾಜಿಗೆ ಪೂರ್ತಿ ಅಂಕ, ಲೇಬಲ್ಲಿಗೆ ಅರ್ಧ

ಖಾಲಿಯಾದ ವೈನ್ ಬಾಟಲಿಯನ್ನು ತೊಳೆದು, ಒರೆಸಿ, ಅಡುಗೆಮನೆಯ ತಕ್ಕಡಿಯ ಮೇಲಿಡುವುದು ಎರಡು ವರ್ಷದಿಂದ ನನಗೆ ರೂಢಿಯಾಗಿದೆ. ಈ ಬಾಟಲಿ 395 ಗ್ರಾಂ ತೂಗಿತು. ನೋಡಿ ಖುಷಿಯಾಯಿತು. ಕಳೆದ ತಿಂಗಳು ತಂದಿದ್ದ ಬೇರೊಂದು ‘ಪರಿಸರಸ್ನೇಹಿ’ ವೈನಿನ ಖಾಲಿ ಬಾಟಲಿ 870 ಗ್ರಾಂ ಇತ್ತು. ಅಂದರೆ ಒಳಗಿದ್ದ 750 ಎಂಎಲ್ ವೈನಿಗಿಂತ ಗಾಜೇ ಭಾರ! ಲೇಬಲ್ ತುಂಬ ಹಸಿರು ಎಲೆಗಳ ಚಿತ್ರ ಬೇರೆ. ಅವತ್ತು ನಿಜಕ್ಕೂ ಬೇಜಾರಾಗಿತ್ತು.

ವೈನ್ ತಯಾರಿಕೆಯಲ್ಲಿ ಹೊರಬೀಳುವ ಇಂಗಾಲದ ಲೆಕ್ಕ ತೆಗೆದರೆ, ಬಹಳ ಸಲ ಎಲ್ಲಕ್ಕಿಂತ ದೊಡ್ಡ ಪಾಲು ಗಾಜಿನದೇ. ಗಾಜು ಕರಗಿಸುವ ಕುಲುಮೆ 1,500 ಡಿಗ್ರಿಯ ಆಸುಪಾಸಿನಲ್ಲಿ ಹಗಲೂ ರಾತ್ರಿ ಉರಿಯುತ್ತಿರಬೇಕು. ಆಮೇಲೆ ಆ ಭಾರವನ್ನೆಲ್ಲ ಲಾರಿ, ಹಡಗುಗಳು ಹೊರಬೇಕು. ಶಾಂಪೇನಿನಂಥ ನೊರೆಯುಕ್ಕುವ ವೈನಿಗೆ ಒಳಗಿನ ಒತ್ತಡ ತಡೆಯಲು ದಪ್ಪ ಗಾಜು ಬೇಕು, ಒಪ್ಪೋಣ. ಸಾದಾ ಕೆಂಪು ವೈನಿಗೆ ಯಾಕೆ? ಕೈಗೆ ಭಾರ ಸಿಕ್ಕರೆ ಒಳಗಿನದೂ ಉತ್ತಮವೆಂದು ನಾವು ನಂಬುತ್ತೇವೆ, ಅಷ್ಟೇ.

ಬಿರಡೆ ಅಸಲಿ ಕಾರ್ಕಿನದು. ಕಾರ್ಕಿಗಾಗಿ ಮರ ಕಡಿಯುವುದಿಲ್ಲ, ಒಂಬತ್ತು ವರ್ಷಕ್ಕೊಮ್ಮೆ ತೊಗಟೆ ಸುಲಿಯುತ್ತಾರೆ. ರುಚಿಯಲ್ಲಿ ಹುಳಿ ಕೊಂಚ ಮುಂದು, ಒಗರು ಹದವಾಗಿದೆ. ಮಾರನೆಯ ದಿನ ಇನ್ನೂ ಚೆನ್ನಾಗಿತ್ತು.

ತಕರಾರಿರುವುದು ಲೇಬಲ್ಲಿನ ಮೇಲೆ. ಐರೋಪ್ಯ ಒಕ್ಕೂಟದ ಸಾವಯವ ಗುರುತು ಇದೆ. ಅಲ್ಲಿನ ನಿಯಮದಂತೆ ಸಿಹಿಯಿಲ್ಲದ ಸಾವಯವ ಕೆಂಪು ವೈನಿನಲ್ಲಿ ಸಲ್ಫೈಟ್ (ವೈನ್ ಕೆಡದಂತೆ ಹಾಕುವ ಸಂರಕ್ಷಕ) ಲೀಟರಿಗೆ 100 ಮಿಲಿಗ್ರಾಂ ದಾಟುವಂತಿಲ್ಲ, ಮಾಮೂಲಿಯದಕ್ಕೆ 150 ರವರೆಗೆ ಅವಕಾಶವಿದೆ. ಒಳ್ಳೆಯದೇ. ಆದರೆ ತಾಮ್ರದ ಮಾತೇ ಇಲ್ಲ. ಬಳ್ಳಿಗೆ ಬೂಜು ರೋಗ ಹತ್ತದಂತೆ ಮೈಲುತುತ್ತ (ತಾಮ್ರದ ಸಲ್ಫೇಟ್), ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹೊಡೆಯುವುದು 1880ರ ದಶಕದಿಂದ ಬಂದ ಪದ್ಧತಿ. ಸಾವಯವ ತೋಟಕ್ಕೂ ಅದಕ್ಕೆ ಅನುಮತಿಯಿದೆ. ತಾಮ್ರ ಕೊಳೆತು ಹೋಗುವ ವಸ್ತುವಲ್ಲ. ಮಣ್ಣಿನಲ್ಲೇ ಕೂತು, ಹೆಚ್ಚಾದಷ್ಟೂ ಎರೆಹುಳುವಿಗೆ ಕಂಟಕವಾಗುತ್ತದೆ. ಅದಕ್ಕೇ ಐರೋಪ್ಯ ಒಕ್ಕೂಟ ಏಳು ವರ್ಷಕ್ಕೆ ಹೆಕ್ಟೇರಿಗೆ 28 ಕೆಜಿ ಎಂದು ಮಿತಿ ಹಾಕಿದೆ.

ಲೇಬಲ್ಲಿನ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಚಳಿಗಾಲದಲ್ಲಿ ಬಳ್ಳಿಸಾಲುಗಳ ನಡುವೆ ಮೇಯುವ ಕುರಿಗಳ ಫೋಟೋಗಳು ಬರುತ್ತವೆ. ಅದು ಬರೀ ಅಲಂಕಾರವಲ್ಲ. ಕುರಿ ಮೇದಷ್ಟು ಕಳೆ ಕೀಳುವ ಕೆಲಸವೂ ಉಳಿಯಿತು, ಟ್ರ್ಯಾಕ್ಟರ್ ಓಡಾಟವೂ ಉಳಿಯಿತು. ಹಿಂಡಿದ ದ್ರಾಕ್ಷಿಯ ಸಿಪ್ಪೆ, ಬೀಜ ಗೊಬ್ಬರವಾಗಿ ತೋಟಕ್ಕೇ ಮರಳುತ್ತದಂತೆ. ಇಷ್ಟೆಲ್ಲ ಮಾಡುವವರು ಹೆಕ್ಟೇರಿಗೆ ಎಷ್ಟು ತಾಮ್ರ ಹಾಕಿದೆವು, ಪೀಪಾಯಿ ತೊಳೆಯಲು ಎಷ್ಟು ನೀರು ಸುರಿದೆವು ಎಂಬ ಎರಡು ಅಂಕಿ ಹಾಕಲು ಹಿಂಜರಿಯುವುದೇಕೆ? ಕೇಳಿ ಮೇಲ್ ಬರೆದಿದ್ದೇನೆ. ಉತ್ತರ ಇನ್ನೂ ಬಂದಿಲ್ಲ. ವೈನ್ ಮಾತ್ರ ಇನ್ನೆರಡು ಬಾಟಲಿ ತರಿಸಿಟ್ಟಿದ್ದೇನೆ.