ಕೆಂಪು ರೈಲು ಎಂಜಿನ್ ಮಾಡೆಲ್ಲಿಗೆ ಬಿಸಿಲು ಹೊಡೆಸೋದು ಹೇಗೆ: ಒಂದೇ ಬಾಡಿ ಮೇಲೆ ನಾಲ್ಕು ದಾರಿ ಟ್ರೈ ಮಾಡಿದೆ

ಬೆಂಗಳೂರು ಕಂಟೋನ್ಮೆಂಟ್ ಸ್ಟೇಷನ್ನಲ್ಲಿ ನಿಂತು ಈರೋಡ್ ಶೆಡ್ಡಿನ ಹಳೇ ಡಬ್ಲ್ಯುಎಪಿ-4 ಎಲೆಕ್ಟ್ರಿಕ್ ಎಂಜಿನ್ನನ್ನ ಹತ್ರದಿಂದ ನೋಡಿದೀರಾ? ದೂರದಿಂದ ಕೆಂಪು ಮೈ, ಕ್ರೀಮ್ ಪಟ್ಟಿ ಅಷ್ಟೇ ಕಾಣ್ಸುತ್ತೆ, ಆದ್ರೆ ಐದು ನಿಮಿಷ ಸುಮ್ನೆ ನೋಡ್ತಾ ನಿಂತ್ರೆ ಅದರಲ್ಲಿ ಕೆಂಪು ಒಂದೇ ಅಲ್ಲ ಅಂತ ಗೊತ್ತಾಗುತ್ತೆ. ಬಿಸಿಲು ನೇರ ಬೀಳೋ ಕಡೆ ಬೂದಿ ಬಳಿದ ಹಾಗೆ ಬಿಳಿಚಿಕೊಂಡಿರುತ್ತೆ, ಅಂಚಿನ ಕೆಳಗೆ ನೆರಳಿರೋ ಜಾಗದಲ್ಲಿ ಇನ್ನೂ ದಟ್ಟ ಕೆಂಪೇ ಉಳ್ಕೊಂಡಿರುತ್ತೆ, ಮಳೆನೀರು ಇಳಿದ ಕಡೆ ಉದ್ದುದ್ದ ಗೆರೆ. ಬಿಸಿಲಿಗೆ ಪೇಂಟಿನ ಮೇಲ್ಪದರ ಸತ್ತು ಬಣ್ಣದ ಪುಡಿ ಸಡಿಲ ಆಗೋದ್ರಿಂದ ಹೀಗಾಗೋದು, ಹಳೇ ಕಾಂಪೌಂಡ್ ಗೇಟಿಗೆ ಕೈ ಉಜ್ಜಿದ್ರೆ ಅಂಗೈಗೆ ಅಂಟುತ್ತಲ್ಲ, ಅದೇ ಪುಡಿ.

ನನ್ನ ಎಚ್‌ಒ ಮಾಡೆಲ್ ಅಂದ್ರೆ 1:87, ಅಂದ್ರೆ ನಿಜವಾದ ಎಂಜಿನ್ನಿನ 87ರಲ್ಲಿ ಒಂದು ಪಾಲು ಅಳತೆ, ಉದ್ದ 21-22 ಸೆಂಟಿಮೀಟರ್. ಹೊಸ ಪೇಂಟ್ ಹೊಡೆದು ಟ್ರ್ಯಾಕ್ ಮೇಲೆ ಇಟ್ಟಾಗ ಆಟದ ಸಾಮಾನಿನ ಥರ ಪಳಪಳ ಅಂತಿತ್ತು. ನೇರ ಅದರ ಮೇಲೇ ಪ್ರಯೋಗ ಮಾಡೋಕೆ ಮನಸ್ಸು ಬರ್ಲಿಲ್ಲ, ಅದಕ್ಕೆ ಒಂದು ಹಳೇ ಬಾಡಿ ಶೆಲ್ ತಗೊಂಡು ಅದೇ ಕೆಂಪು ಅದೇ ಕ್ರೀಮ್ ಹೊಡೆದು, ನಂಬರಿನ ಡಿಕಾಲ್ (ತೆಳು ಸ್ಟಿಕ್ಕರ್) ಕೂಡ ಅಂಟಿಸಿ, ಎರಡೂ ಪಕ್ಕಕ್ಕೆ ಮಧ್ಯ ಮಾಸ್ಕಿಂಗ್ ಟೇಪ್ ಹಾಕಿ ನಾಲ್ಕು ಭಾಗ ಮಾಡ್ಕೊಂಡೆ.

ಮೊದಲನೇದು ಏರ್‌ಬ್ರಷ್, ಗಾಳಿ ಒತ್ತಡದಲ್ಲಿ ಬಣ್ಣ ಸಿಂಪಡಿಸೋ ಪುಟ್ಟ ಗನ್. ತಿಳಿ ಬಣ್ಣ ಒಂದು ಪಾಲು, ಥಿನ್ನರ್ ಒಂಬತ್ತು ಪಾಲು, 0.3 ಎಂಎಂ ನಾಜಲ್, ಗಾಳಿ ಒತ್ತಡ 15 ಪಿಎಸ್‌ಐ ಆಸುಪಾಸು, ದೂರದಿಂದ ಮಂಜು ಬಿದ್ದ ಹಾಗೆ ಹೊಡೀಬೇಕು. ಇಲ್ಲಿ ನಾನು ಮೊದಲು ಬರೀ ಬಿಳಿ ಹಾಕಿದ್ದೆ, ಎಂಜಿನ್ನು ಬೊಂಬಾಯಿ ಮಿಠಾಯಿ ಬಣ್ಣಕ್ಕೆ ತಿರುಗ್ತು. ಕೆಂಪಿನ ಮೇಲೆ ಬಿಳಿ ಬಂದ್ರೆ ಗುಲಾಬಿ ಆಗ್ದೇ ಇನ್ನೇನಾಗುತ್ತೆ! ಒರೆಸಿ, ಬಿಳಿಗೆ ಸ್ವಲ್ಪ ಹಳದಿ ಮಣ್ಣಿನ ಬಣ್ಣ ಸೇರಿಸಿ ಮತ್ತೆ ಹೊಡೆದಾಗ ಸರಿ ಬಂತು. ಯಾವ ವಿಧಾನ ಹಿಡಿದ್ರೂ ಸರಿ, ಕೆಂಪು ಎಂಜಿನ್ನಿಗೆ ಶುದ್ಧ ಬಿಳಿ ಮುಟ್ಟಬೇಡಿ, ಇದನ್ನ ಖಂಡಿತ ಹೇಳ್ತೀನಿ. ಏರ್‌ಬ್ರಷ್ಷಿನ ದೊಡ್ಡ ಲಾಭ ಡಿಕಾಲು, ಹೊಸದಾಗಿ ಅಂಟಿಸಿದ ನಂಬರು ಮೈ ಜೊತೆಗೇ ಮಾಸಿದ ಹಾಗೆ ಕಾಣುತ್ತೆ, ಬೇರೆ ಯಾವುದರಲ್ಲೂ ಇಷ್ಟು ಚೆನ್ನಾಗಿ ಬರ್ಲಿಲ್ಲ. ಕೊರತೆ ಏನಂದ್ರೆ ಎಲ್ಲಾ ಕಡೆ ಒಂದೇ ಸಮ, ಬಿಸಿಲು ನೆರಳು ಅಂತ ಭೇದವೇ ಇಲ್ಲ.

ಎರಡನೇದು ಮ್ಯಾಟ್ ಲ್ಯಾಕರ್ (ಹೊಳಪಿಲ್ಲದ ವಾರ್ನಿಶ್) ಹೊಡೆದು ಒಣಗಿದ ಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್ ಸವರೋದು. ಲ್ಯಾಕರ್ ಪದರ ಬೆಳ್ಳಗೆ ಮಂಕಾಗುತ್ತೆ, ಥೇಟ್ ಬಿಸಿಲಲ್ಲಿ ಸತ್ತ ಪೇಂಟಿನ ಹಾಗೆ, ಅದೂ ಎರಡೇ ನಿಮಿಷದಲ್ಲಿ. ನೋಡಿ ಬಹಳ ಖುಷಿ ಆಯ್ತು. ಆದ್ರೆ ಎಲ್ಲಿ ಎಷ್ಟು ಬೆಳ್ಳಗಾಗುತ್ತೆ ಅನ್ನೋದು ನಮ್ಮ ಕೈಲಿಲ್ಲ, ಮೂಲೆಯಲ್ಲಿ ನಿಂತ ಹನಿ ಡಿಕಾಲಿನ ಒಂದು ಅಂಚನ್ನೇ ಎಬ್ಬಿಸಿಬಿಡ್ತು, ಮೇಲೆ ಇನ್ನೊಂದು ಕೋಟ್ ಲ್ಯಾಕರ್ ಬಿದ್ರೆ ಬಿಳುಪೆಲ್ಲ ಮಾಯ. ಗೂಡ್ಸ್ ವ್ಯಾಗನ್ನಿಗೆ ಇದನ್ನ ಧಾರಾಳವಾಗಿ ಮಾಡ್ತೀನಿ, ಎಂಜಿನ್ನಿಗೆ ಇಲ್ಲ.

ಚಾಕ್ ಪ್ಯಾಸ್ಟಲ್ ಪುಡಿ ಬಗ್ಗೆ ಜಾಸ್ತಿ ಹೇಳೋದಿಲ್ಲ. ಸ್ಟೇಷನರಿ ಅಂಗಡಿಯಲ್ಲಿ ಸಿಗೋ ಕಡ್ಡಿಯನ್ನ ಬ್ಲೇಡಲ್ಲಿ ಕೆರೆದು ಮೆತ್ತನೆ ಬ್ರಷ್ಷಲ್ಲಿ ಹಚ್ಚೋದು. ಬೋಗಿ (ಡಬ್ಬಿ ಅಲ್ಲ, ಎಂಜಿನ್ನಿನ ಅಡಿಯ ಗಾಲಿ ಚೌಕಟ್ಟು), ಮುಂದೆ-ಹಿಂದೆ ಇರೋ ಬಫರ್ ಸುತ್ತ ಕೂತ ಧೂಳಿಗೆ, ಮೇಲೆ ವೈರಿಂದ ಕರೆಂಟ್ ತಗೊಳ್ಳೋ ಪ್ಯಾಂಟೋಗ್ರಾಫ್ ಹತ್ರದ ಕರಿಗೆ ಇದೇ ಬೆಸ್ಟು. ಮೈಬಣ್ಣ ಮಾಸಿಸೋಕೆ ಆಗಲ್ಲ, ಮೇಲೆ ಬಣ್ಣವಿಲ್ಲದ ಕ್ಲಿಯರ್ ಕೋಟ್ ಬಿದ್ರೆ ಅರ್ಧ ಕಾಣೋದೇ ಇಲ್ಲ, ಕೋಟ್ ಹಾಕದೇ ಬಿಟ್ರೆ ಮುಟ್ಟಿದಲ್ಲೆಲ್ಲ ಬೆರಳಚ್ಚು.

ನನ್ನ ಮನಸ್ಸು ನಿಂತಿದ್ದು ನಾಲ್ಕನೇದರ ಮೇಲೆ, ಚಿತ್ರ ಬರಿಯೋ ಆಯಿಲ್ ಪೇಂಟ್. ಟೈಟಾನಿಯಂ ವೈಟ್, ಯೆಲ್ಲೋ ಓಕರ್, ಬರ್ಂಟ್ ಸಿಯೆನ್ನಾ, ಈ ಮೂರೇ ಟ್ಯೂಬು. ರಟ್ಟಿನ ಮೇಲೆ ಸ್ವಲ್ಪ ಹಿಂಡಿ ಒಂದು ಗಂಟೆ ಬಿಡಬೇಕು, ರಟ್ಟು ಎಣ್ಣೆ ಹೀರ್ಕೊಳ್ಳುತ್ತೆ, ಇಲ್ಲಾಂದ್ರೆ ಒಣಗಿದ ಮೇಲೂ ಹೊಳಪು ಉಳಿದು ಎಲ್ಲಾ ಕೆಡುತ್ತೆ. ಆಮೇಲೆ ಸಾಸಿವೆ ಕಾಳಿಗಿಂತ ಸಣ್ಣ ಚುಕ್ಕೆ, ಮೇಲೆ ಬಿಳಿ-ಓಕರ್ ಬೆರೆಸಿದ್ದು ಜಾಸ್ತಿ, ಕೆಳಗೆ ಸಿಯೆನ್ನಾ, ನೆರಳಿನ ಜಾಗದಲ್ಲಿ ಏನೂ ಇಲ್ಲ. ವಾಸನೆ ಇಲ್ಲದ ಥಿನ್ನರಲ್ಲಿ ಬ್ರಷ್ ಅದ್ದಿ, ಬಟ್ಟೆಗೆ ಒತ್ತಿ ಹೆಚ್ಚೂಕಮ್ಮಿ ಒಣಗಿಸ್ಕೊಂಡು ಮೇಲಿಂದ ಕೆಳಕ್ಕೆ ಮಾತ್ರ ಎಳೀಬೇಕು, ಮಳೆನೀರು ಇಳಿಯೋ ದಾರಿಯಲ್ಲೇ. ಚುಕ್ಕೆಗಳು ಕರಗಿ ಒಂದಕ್ಕೊಂದು ಸೇರ್ಕೊಂಡು ಆ ಕೆಂಪು ನಿಧಾನಕ್ಕೆ ವಯಸ್ಸಾಗ್ತಾ ಹೋಗುತ್ತೆ ನೋಡಿ, ಅದನ್ನ ನೋಡೋಕೇ ಒಂದು ಸುಖ. ಇಷ್ಟ ಆಗ್ಲಿಲ್ಲ ಅಂದ್ರೆ ಅದೇ ದಿನ ಥಿನ್ನರಲ್ಲಿ ಒರೆಸಿ ಮತ್ತೆ ಶುರು ಮಾಡ್ಬಹುದು, ಕೆಳಗಿರೋ ಅಕ್ರಿಲಿಕ್ ಮೇಲೆ ಮೊದಲೇ ಒಂದು ಕ್ಲಿಯರ್ ಕೋಟ್ ಇದ್ರೆ ಸಾಕು.

ತಾಳ್ಮೆ ಬೇಕು ಮಾತ್ರ. ಅರ್ಧ ಪಕ್ಕಕ್ಕೇ ನಂಗೆ ಒಂದು ಸಂಜೆ ಹಿಡೀತು, ಮಳೆಗಾಲ ಆಗಿದ್ದಕ್ಕೆ ಒಣಗೋಕೆ ಒಂದು ವಾರ ಬಿಟ್ಟೆ, ಅಷ್ಟು ದಿನ ಧೂಳು ಕೂರದ ಹಾಗೆ ಡಬ್ಬಿ ಮುಚ್ಚಿ ಇಟ್ಟಿದ್ದೆ. ಏರ್‌ಬ್ರಷ್ ಆಗಿದ್ರೆ ಅರ್ಧ ಗಂಟೆ ಕೆಲಸ, ಆದ್ರೆ ಅದಕ್ಕೆ ಕಂಪ್ರೆಸರ್ ಬೇಕು, ಮಾಸ್ಕ್ ಬೇಕು, ಕಿಟಕಿ ತೆಗೆದಿರೋ ರೂಮು ಬೇಕು. ದುಡ್ಡಿನ ಲೆಕ್ಕದಲ್ಲಿ ಆಯಿಲ್ ಪೇಂಟಿಗೆ ಹೋಲಿಸೋ ಹಾಗೇ ಇಲ್ಲ, ಆ ಮೂರು ಟ್ಯೂಬಲ್ಲಿ ಹತ್ತು ಎಂಜಿನ್ ಮಾಡಿದ್ರೂ ಮಿಗುತ್ತೆ.

ಕೊನೆಗೆ ನಿಜವಾದ ಮಾಡೆಲ್ ಮೇಲೆ ಎರಡನ್ನೂ ಸೇರಿಸಿದೆ. ಡಿಕಾಲ್ ಮಂಕಾಗೋ ಅಷ್ಟು ಏರ್‌ಬ್ರಷ್ಷಿನ ಒಂದೇ ಒಂದು ತೆಳು ಕೋಟ್, ಅದರ ಮೇಲೆ ಕ್ಲಿಯರ್ ಕೋಟ್, ಆಮೇಲೆ ಆಯಿಲ್ ಚುಕ್ಕೆ, ಅದು ಒಣಗಿದ ಮೇಲೆ ಮ್ಯಾಟ್ ಕೋಟ್, ಬೋಗಿಗೆ ಎಲ್ಲಾ ಮುಗಿದ ಮೇಲೆ ಪ್ಯಾಸ್ಟಲ್ ಪುಡಿ. ಒಂದು ಪಕ್ಕ ಆಗಿದೆ. ಇನ್ನೊಂದು ಪಕ್ಕಕ್ಕೆ ಕೈ ಹಾಕೋ ಮುಂಚೆ ಇನ್ನೊಂದು ಸಲ ಕಂಟೋನ್ಮೆಂಟಿಗೆ ಹೋಗಿ ಕ್ರೀಮ್ ಪಟ್ಟಿಯ ಕೆಳಅಂಚಲ್ಲಿ ಕೊಳೆ ಹೇಗೆ ಕೂತಿರುತ್ತೆ ಅಂತ ಫೋಟೋ ತಗೊಂಡು ಬರ್ಬೇಕು, ಅಲ್ಲಿ ನಾನು ಹಾಕಿರೋ ಸಿಯೆನ್ನಾ ಸ್ವಲ್ಪ ಜಾಸ್ತಿ ಆಯ್ತು ಅನ್ಸ್ತಿದೆ.