ಬರೆದಿಡದ ಪ್ರಾಸಗಳ ಸಾಕ್ಷ್ಯಚಿತ್ರ

ಕೆವಿನ್ ಫಿಟ್ಜ್‌ಜೆರಾಲ್ಡ್ ನಿರ್ದೇಶನದ, 2000ರಲ್ಲಿ ತೆರೆಕಂಡ ‘ಫ್ರೀಸ್ಟೈಲ್: ದಿ ಆರ್ಟ್ ಆಫ್ ರೈಮ್’ ಸಾಕ್ಷ್ಯಚಿತ್ರವು ಅಮೆರಿಕದ ಬೀದಿಗಳಲ್ಲಿ ಸುತ್ತುಗಟ್ಟಿ ನಿಂತು, ಆ ಕ್ಷಣಕ್ಕೆ ಹೊಳೆದ ಪ್ರಾಸಗಳಲ್ಲೇ ಹಾಡು ಕಟ್ಟುವ ರ‍್ಯಾಪರ್‌ಗಳನ್ನು ಹತ್ತಿರದಿಂದ ತೋರಿಸುತ್ತದೆ. ಕಪ್ಪುಜನರ ಚರ್ಚುಗಳ ಉಪದೇಶ ಹಾಗೂ ಜಾಝ್‌ನ ಮನೋಧರ್ಮದೊಂದಿಗೆ ಈ ಕಲೆಗಿರುವ ನಂಟನ್ನೂ ಅದು ಗುರುತಿಸುತ್ತದೆ. ಹಳೆಯ ವಿಡಿಯೊ ತುಣುಕುಗಳ ಧ್ವನಿ ಅಲ್ಲಲ್ಲಿ ಒರಟಾಗಿದೆ. ಆಡುಮಾತಿನ ವೇಗವಂತೂ ಉಪಶೀರ್ಷಿಕೆಯಿಲ್ಲದೆ ನಮ್ಮಂಥವರ ಕಿವಿಗೆ ದಕ್ಕುವಂಥದ್ದಲ್ಲ. ಇಸವಿವಾರು ಇತಿಹಾಸವನ್ನು ಅರಸುವವರಿಗೂ ನಿರಾಸೆಯಾದೀತು. ಆದರೆ ಸೂಪರ್‌ನ್ಯಾಚುರಲ್ ಮತ್ತು ಕ್ರೇಗ್ ಜಿ ಎಂಬ ರ‍್ಯಾಪರ್‌ಗಳ ಪೈಪೋಟಿಯ ಭಾಗವೊಂದಕ್ಕಾಗಿಯಾದರೂ ಈ ಚಿತ್ರವನ್ನು ನೋಡಬೇಕು: ಎದುರಾಳಿಯ ಮಾತನ್ನೇ ಹಿಡಿದು, ತಾಳ ತಪ್ಪದಂತೆ, ಪ್ರೇಕ್ಷಕರು ಕೂಗೆಬ್ಬಿಸುವ ಹಾಗೆ ಅವನಿಗೇ ತಿರುಗಿಸಿ ಹೊಡೆಯುವ ಚುರುಕುತನವನ್ನು ಪೂರ್ವತಯಾರಿಯ ಸಾಲುಗಳಿಂದ ಸಾಧಿಸಲಾಗದು.